ಬ್ರಹ್ಮಸ್ಥಾನದಲ್ಲಿ ರೂಟರು

ಮನೆ ಕಟ್ಟುವವರು ಅಡುಗೆಮನೆ ಆಗ್ನೇಯಕ್ಕೆ ಬಂತೇ, ಸಂಪು ಈಶಾನ್ಯದಲ್ಲಿದೆಯೇ, ಓವರ್‌ಹೆಡ್ ಟ್ಯಾಂಕಿನ ಭಾರ ನೈಋತ್ಯಕ್ಕೆ ಬಿತ್ತೇ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಹಾಗೆ ಅಳೆದೂ ಸುರಿದೂ ಕಟ್ಟಿದ ಮನೆಗೆ ಗೃಹಪ್ರವೇಶವಾದ ಮೇಲೆ ಇಂಟರ್ನೆಟ್ಟಿನ ಹುಡುಗ ಬರುತ್ತಾನೆ. ಕಂಬದಿಂದ ಕೇಬಲ್ ಎಳೆದು, ತನಗೆ ಸಲೀಸಾದ ಕಡೆ ಗೋಡೆಗೆ ಡ್ರಿಲ್ ಇಳಿಸಿ, ಹತ್ತಿರದ ಪ್ಲಗ್ ಪಾಯಿಂಟಿಗೆ ಡಬ್ಬ ಸಿಕ್ಕಿಸಿ, 'ನೆಟ್ ಬಂತು ಸಾರ್, ಒಟಿಪಿ ಹೇಳಿ' ಎಂದು ಹೊರಟುಹೋಗುತ್ತಾನೆ. ಡಬ್ಬ ಟೀವಿಯ ಬೆನ್ನಿಗೆ ಬಿದ್ದಿರಬಹುದು, ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತಿರಬಹುದು, ಉಕ್ಕಿನ ಬೀರುವಿನ ಸಂದಿಯಲ್ಲಿ ಉಸಿರುಗಟ್ಟುತ್ತಿರಬಹುದು. ಆ ಜಾಗದ ಬಗ್ಗೆ ಯಾರೂ ಯಾರನ್ನೂ ಕೇಳುವುದಿಲ್ಲ. ನನ್ನ ವಾದ ಇಷ್ಟೆ: ಈ ಕಾಲದ ಮನೆಯಲ್ಲಿ ಇಟ್ಟ ಜಾಗದಿಂದಲೇ ಶುಭಾಶುಭ ಫಲ ಕೊಡುವ ವಸ್ತು ಯಾವುದಾದರೂ ಇದ್ದರೆ ಅದು ವೈಫೈ ರೂಟರು. ಆ ಫಲವನ್ನು ನಂಬಿಕೆಯ ಹಂಗಿಲ್ಲದೆ ಅಳೆದೂ ನೋಡಬಹುದು. ಕಂಪನಿಗೆ ಫೋನ್ ಮಾಡಿ ನಾವು ಆಡುವ ಜಗಳದಲ್ಲಿ ದೊಡ್ಡ ಪಾಲು ಆ ಜಾಗದ ಜೊತೆ ಆಡಬೇಕಾದದ್ದು.

'ನೆಟ್ ಇಲ್ಲ' ಎಂಬ ಒಂದೇ ಕೂಗಿನಲ್ಲಿ ನಾವು ಎರಡು ಬೇರೆ ಬೇರೆ ವ್ಯವಸ್ಥೆಗಳನ್ನು ಬೈಯುತ್ತಿರುತ್ತೇವೆ. ಒಂದು, ಹೊರಗಿನಿಂದ ಮನೆಯವರೆಗೆ ಬರುವ ಕಂಪನಿಯ ಲೈನು. ಇನ್ನೊಂದು, ಆ ಡಬ್ಬ ಮನೆಯೊಳಗೆ ಹಬ್ಬಿಸಿರುವ ನಮ್ಮದೇ ನೆಟ್‌ವರ್ಕು. ರಸ್ತೆ ಅಗೆಯುವವರು ಕೇಬಲ್ ಕತ್ತರಿಸಿದ ದಿನವೂ ಫೋನಿನಲ್ಲಿ ವೈಫೈ ಗುರುತು ತುಂಬಿಕೊಂಡೇ ಇರುತ್ತದೆ, ಫೋನಿನಿಂದ ಪಕ್ಕದ ರೂಮಿನ ಪ್ರಿಂಟರಿಗೆ ಕಾಗದ ಕಳಿಸಲೂಬಹುದು. ಮನೆಯೊಳಗಿನದು ಸತ್ತಿಲ್ಲ, ಹೊರಗಿನದು ಸತ್ತಿದೆ ಅಷ್ಟೆ. ಆದರೆ ಎರಡರಲ್ಲಿ ಬಲಹೀನವಾದದ್ದು ಒಳಗಿನದೇ. ಹೊರಗಿನ ಫೈಬರು ಕೂದಲೆಳೆಯಂಥ ಗಾಜು, ಅದರೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಲ್ಲಿ ಓಡುತ್ತದೆ, ಒಂದು ಕಿಲೋಮೀಟರ್ ಸಾಗಿದರೂ ಹತ್ತನೆಯ ಒಂದು ಪಾಲು ಸವೆಯುವುದಿಲ್ಲ. ಹೀಗೆ ಊರೆಲ್ಲ ದಾಟಿ ಕ್ಷೇಮವಾಗಿ ಬಂದ ಸಂಕೇತವನ್ನು ನಾವು ಕಡೆಯ ಮೂವತ್ತು ಅಡಿಯಲ್ಲಿ ಕೊಲ್ಲುತ್ತೇವೆ. ರೂಟರಿನ ರೇಡಿಯೋ ಬಲ ಸಾಮಾನ್ಯವಾಗಿ 100 ಮಿಲಿವ್ಯಾಟಿನ ಆಸುಪಾಸು, ಎಂದರೆ ಒಂದು ವ್ಯಾಟಿನ ಹತ್ತನೇ ಒಂದು. ಅದು ಹೊರಟಷ್ಟೇ ತಲುಪುವುದಿಲ್ಲ. ದೂರದ ಕೋಣೆಯ ಫೋನು ಸಿಗ್ನಲ್ಲಿನ ಬಲ 'ಮೈನಸ್ 70 ಡಿಬಿಎಂ' ಎಂದು ತೋರಿಸಿದರೆ, ಅದಕ್ಕೆ ದಕ್ಕಿದ್ದು ಹೊರಟದ್ದರಲ್ಲಿ ನೂರು ಕೋಟಿಯಲ್ಲೊಂದು ಪಾಲು. ಅಷ್ಟರಲ್ಲೇ ಅದು ಧಾರಾವಾಹಿ ತೋರಿಸುತ್ತದೆ ಎಂಬುದಕ್ಕೆ ಕೈಮುಗಿಯಬೇಕು. ನಾವು ನಡುವೆ ಎರಡು ಗೋಡೆ ಸೇರಿಸಿ ಬೈಯುತ್ತೇವೆ.

ಹಾಗಾದರೆ ಡಬ್ಬಕ್ಕೆ ಯಾವ ದಿಕ್ಕು? ಯಾವ ದಿಕ್ಕೂ ಅಲ್ಲ, ನಡುಮನೆ. ನೆಟ್ಟಗೆ ನಿಂತ ಕಡ್ಡಿ ಆಂಟೆನಾದ ಪ್ರಸಾರ ಸುತ್ತಲೂ ಹೆಚ್ಚುಕಡಿಮೆ ಸಮನಾಗಿ ಹರಡುತ್ತದೆ. ಪೂರ್ವಾಭಿಮುಖ, ದಕ್ಷಿಣಾಭಿಮುಖ ಎಂಬ ಭೇದ ಅದಕ್ಕಿಲ್ಲ. ಬೀದಿಬದಿಯ ಗೋಡೆಗೆ ಅಂಟಿಸಿದ ರೂಟರು ತನ್ನ ಅರ್ಧದಷ್ಟು ಪ್ರಸಾರವನ್ನು ಬೀದಿಗೆ ದಾನ ಮಾಡುತ್ತದೆ. ಅದರಿಂದ ಪುಣ್ಯ ಬಂದೀತು, ಹಿಂದಿನ ರೂಮಿನ ಆನ್‌ಲೈನ್ ಕ್ಲಾಸಿಗೆ ಪ್ರಯೋಜನವಿಲ್ಲ. ಇಲ್ಲಿ ವಾಸ್ತು ಬಲ್ಲವರು ತಡೆಯುತ್ತಾರೆ: ಮನೆಯ ಮಧ್ಯ ಬ್ರಹ್ಮಸ್ಥಾನ, ಅಲ್ಲಿ ಕಂಬ, ಗೋಡೆ, ಭಾರ ಏನೂ ಕೂಡದು. ಸ್ವಾಮಿ, ರೂಟರು ಬೇಡಿಕೊಳ್ಳುವುದೂ ಅದನ್ನೇ! ಸುತ್ತ ಕಂಬ ಬೇಡ, ಗೋಡೆ ಬೇಡ, ಕಬ್ಬಿಣ ಬೇಡ. ಅದರ ಸ್ವಂತ ಭಾರವೋ ಅರ್ಧ ಸೇರು ಬೆಲ್ಲದಷ್ಟೂ ಇಲ್ಲ. ಎತ್ತರದಲ್ಲಿ ತೂಗುಹಾಕಿದರೆ ನೆಲಕ್ಕೆ ಅದೂ ತಾಗುವುದಿಲ್ಲ. ನಮ್ಮ ತೊಟ್ಟಿಮನೆಗಳಲ್ಲಿ ಗಾಳಿ ಬೆಳಕಿಗೆಂದು ಬಿಟ್ಟ ನಡು ಅಂಗಳದ ಅಂಚಿನಲ್ಲಿ ಡಬ್ಬ ಇಟ್ಟರೆ ಸುತ್ತಲಿನ ಜಗಲಿಗಳಿಗೆಲ್ಲ ಅಡ್ಡಿಯಿಲ್ಲದೆ ತಲುಪುತ್ತದೆ. (ಇದನ್ನು ಓದಿ, ನಮ್ಮ ಪೂರ್ವಿಕರಿಗೆ ವೈಫೈ ಗೊತ್ತಿತ್ತು ಎಂದು ಯಾರೂ ವಾಟ್ಸಾಪಿನಲ್ಲಿ ಹಾಕಬಾರದಾಗಿ ವಿನಂತಿ.)

ದೋಷಗಳ ಪಟ್ಟಿಯೂ ಈ ಶಾಸ್ತ್ರದಲ್ಲಿ ದೊಡ್ಡದು, ಆದರೆ ಪ್ರತಿಯೊಂದಕ್ಕೂ ಕಾರಣ ಉಂಟು. ಕಾಂಕ್ರೀಟಿನ ದಪ್ಪ ಗೋಡೆಯೊಂದೇ ಹತ್ತರಲ್ಲಿ ಒಂಬತ್ತು ಪಾಲು ನುಂಗಬಲ್ಲದು. ಅಂಥ ಎರಡು ಗೋಡೆ ದಾಟಿದರೆ ಉಳಿಯುವುದು ನೂರಕ್ಕೆ ಒಂದು. ಬೀರು, ಫ್ರಿಜ್ಜು, ಕನ್ನಡಿಯ ಹಿಂದಿನ ಲೋಹದ ಲೇಪ ಇವೆಲ್ಲ ತರಂಗವನ್ನು ತಿರುಗಿಸಿ ಕಳಿಸುತ್ತವೆ. ನೀರು ಅದನ್ನು ಹೀರಿಬಿಡುತ್ತದೆ, ಹಾಗಾಗಿ ಮೀನಿನ ತೊಟ್ಟಿಯ ಹಿಂದೆ ರೂಟರ್ ಇಡುವುದು ಮಹಾದೋಷ. ಮನುಷ್ಯರೂ ಬಹುಪಾಲು ನೀರೇ. ನಾಮಕರಣಕ್ಕೆ ಬಂಧುಬಳಗ ತುಂಬಿದ ದಿನ ವೈಫೈ ಕುಂಟುವುದಕ್ಕೆ ಬಂದವರ ದೇಹಗಳೂ ಸ್ವಲ್ಪ ಕಾರಣ, ಬಂದವರ ಫೋನುಗಳು ಬಹಳ ಕಾರಣ. ಏಕೆಂದರೆ ಒಂದು ಚಾನೆಲ್ಲಿನಲ್ಲಿ ಒಂದು ಗಳಿಗೆಗೆ ಒಬ್ಬರೇ ಮಾತಾಡಬೇಕು, ಉಳಿದವರು ಕಾಯಬೇಕು. ನಾಮಕರಣದ ಮನೆಯಲ್ಲಿ ಈ ನಿಯಮ ಪಾಲಿಸುವುದು ಫೋನುಗಳು ಮಾತ್ರ. ಮೈಕ್ರೋವೇವ್ ಒಲೆ ಸುಮಾರು 2.45 ಗಿಗಾಹರ್ಟ್ಸಿನಲ್ಲಿ ಕೆಲಸ ಮಾಡುತ್ತದೆ, ವೈಫೈಯ ಹಳೆಯ ಪಟ್ಟಿಯೂ 2.4ರದೇ. ಸಾರು ಬಿಸಿಮಾಡಿದಾಗ ಮಗನ ಮೀಟಿಂಗ್ ತೊದಲಿದರೆ ಅದು ಅಪಶಕುನವಲ್ಲ, ಭೌತಶಾಸ್ತ್ರ. 5 ಗಿಗಾಹರ್ಟ್ಸಿನ ಪಟ್ಟಿ ಹೆಚ್ಚು ಚುರುಕು, ಗದ್ದಲವೂ ಕಡಿಮೆ. ಗೋಡೆ ಕಂಡರೆ ಮಾತ್ರ ಬೇಗ ಸೋಲುತ್ತದೆ. ಅಪಾರ್ಟ್‌ಮೆಂಟಿನಲ್ಲಿ 2.4ರ ಪಾಡು ಹೇಳತೀರದು. ಒಂದರ ಮೇಲೊಂದು ಬೀಳದ ಚಾನೆಲ್ಲುಗಳು ಅಲ್ಲಿ 1, 6, 11 ಎಂದು ಮೂರೇ. ಅಕ್ಕಪಕ್ಕ ಮೇಲೆಕೆಳಗಿನ ಮನೆಯವರೆಲ್ಲ ಅವನ್ನೇ ಹಂಚಿಕೊಳ್ಳಬೇಕು.

ಇದಕ್ಕೆಲ್ಲ ಒಂದೇ ಉತ್ತರ, ದೊಡ್ಡ ಪ್ಲಾನ್ ಹಾಕಿಸುವುದು, ಎನ್ನುವವರಿದ್ದಾರೆ. ಕಂಪನಿಯವರೂ ತುಂಬು ಮನಸ್ಸಿನಿಂದ ಇದನ್ನು ಅನುಮೋದಿಸುತ್ತಾರೆ. ಆದರೆ ಲೆಕ್ಕ ನೋಡಿ. ಸ್ಪಷ್ಟವಾದ ಎಚ್‌ಡಿ ಸಿನಿಮಾಕ್ಕೆ 5 ಎಂಬಿಪಿಎಸ್ ಸಾಕು, 4ಕೆ ಚಿತ್ರಕ್ಕೆ 15ರಷ್ಟು. 100ರ ಪ್ಲಾನಿನಲ್ಲಿ ಮನೆಮಂದಿಯೆಲ್ಲ ಒಬ್ಬೊಬ್ಬರು ಒಂದೊಂದು ಸಿನಿಮಾ ನೋಡುತ್ತ ಮಾತು ಬಿಟ್ಟು ಕೂತರೂ ಮಿಗುತ್ತದೆ. ಮಲಗುವ ಕೋಣೆಗೆ ತಲುಪುತ್ತಿರುವುದೇ 4 ಎಂದಾದರೆ, ಪ್ಲಾನನ್ನು 300 ಮಾಡಿದ ಮೇಲೂ ಅಲ್ಲಿಗೆ ತಲುಪುವುದು 4. ಬಿಲ್ಲು ಮಾತ್ರ ಗೋಡೆ ಹಾಯ್ದು ಬರುತ್ತದೆ. ಇನ್ನು ಕೆಲವರ ದೂರು, 100 ಅಂದವರು ಫೈಲ್ ಇಳಿಸುವಾಗ 12 ಕೊಡುತ್ತಾರೆ ಎಂದು. ಅದು ಮೋಸವಲ್ಲ: ಪ್ಲಾನಿನ ಲೆಕ್ಕ ಬಿಟ್‌ಗಳಲ್ಲಿ, ಫೈಲಿನ ಲೆಕ್ಕ ಬೈಟ್‌ಗಳಲ್ಲಿ, ಎಂಟು ಬಿಟ್ ಸೇರಿ ಒಂದು ಬೈಟ್, ಆದ್ದರಿಂದ 100 ಎಂದರೆ ಹನ್ನೆರಡೂವರೆ. ತಪ್ಪು ಯಾರದೆಂದು ತೀರ್ಮಾನಿಸಲು ಪ್ರತ್ಯಕ್ಷ ಪ್ರಮಾಣವೇ ಇದೆ. ಲ್ಯಾಪ್‌ಟಾಪನ್ನು ಕೇಬಲ್ಲಿನಿಂದ ನೇರ ರೂಟರಿಗೆ ಸೇರಿಸಿ ಸ್ಪೀಡ್ ನೋಡಿ, ಆಮೇಲೆ ಕೋಣೆಯಲ್ಲಿ ವೈಫೈಯಲ್ಲಿ ನೋಡಿ. ಕೇಬಲ್ಲಿನಲ್ಲೂ ಬರದಿದ್ದರೆ ಕಂಪನಿಗೆ ಧಾರಾಳವಾಗಿ ಬೈಯಿರಿ, ನನ್ನ ತಕರಾರಿಲ್ಲ. ಕೇಬಲ್ಲಿನಲ್ಲಿ ಬಂದು ಕೋಣೆಯಲ್ಲಿ ಬರದಿದ್ದರೆ ಆರೋಪಿ ಮನೆಯೊಳಗೇ ಇದ್ದಾನೆ.

ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದಲ್ಲ, ಜಾಗದ ದೋಷವಾದರೆ ಹಾಗೇಕಾಗಬೇಕು? ಇದು ಬಲವಾದ ಆಕ್ಷೇಪ, ಉತ್ತರಕ್ಕೆ ಡಬ್ಬದ ಒಳಗೆ ಇಣುಕಬೇಕು. ಇಂಟರ್ನೆಟ್ಟಿನ ಹಳೆಯ ವಿಳಾಸ ಪದ್ಧತಿಯಲ್ಲಿ ಇರುವುದೇ ಸುಮಾರು 430 ಕೋಟಿ ಸಂಖ್ಯೆ. ಜಗತ್ತಿಗೆಲ್ಲ ಹಂಚುವ ಕೇಂದ್ರ ದಾಸ್ತಾನು 2011ರ ಫೆಬ್ರುವರಿಯಲ್ಲೇ ಖಾಲಿಯಾಯಿತು. ಇಂಥ ಬರಗಾಲ ಬರುವುದೆಂದು ಊಹಿಸಿ 1990ರ ದಶಕದಲ್ಲೇ ಕೆಲವು ಸಂಖ್ಯೆಗಳನ್ನು ಯಾರು ಬೇಕಾದರೂ ಮನೆಯೊಳಗೆ ಬಳಸಿಕೊಳ್ಳಲಿ ಎಂದು ತೆಗೆದಿಟ್ಟರು. 192.168 ಎಂದು ಶುರುವಾಗುವ ಸಂಖ್ಯೆಗಳು ಆ ಪೈಕಿ. ಹುಬ್ಬಳ್ಳಿಯ ಒಂದು ಮನೆಯ ಟೀವಿಗೂ ಹೂಸ್ಟನ್ನಿನ ಒಂದು ಮನೆಯ ಫ್ರಿಜ್ಜಿಗೂ ಒಂದೇ ಸಂಖ್ಯೆ ಇರಬಹುದು, ಜಗಳವಿಲ್ಲ, ಏಕೆಂದರೆ ಅದು ಹೊಸ್ತಿಲು ದಾಟುವುದಿಲ್ಲ. ಮನೆಗೆ ಬಂದ ಪ್ರತಿ ಸಾಧನಕ್ಕೂ ರೂಟರು ಒಂದು ಸಂಖ್ಯೆಯನ್ನು ಇಷ್ಟು ಗಂಟೆಗೆ ಎಂದು ವಾಯಿದೆಯ ಮೇಲೆ ಕೊಡುತ್ತದೆ. ಯಾರು ಹೊರಗೆ ಏನು ಕೇಳಿದರು ಎಂದು ಪಟ್ಟಿ ಇಟ್ಟುಕೊಂಡು, ಬಂದ ಉತ್ತರವನ್ನು ಕೇಳಿದವರಿಗೇ ಮುಟ್ಟಿಸುತ್ತದೆ. ಇಲ್ಲದಿದ್ದರೆ ಅಜ್ಜಿ ಕೇಳಿದ ಹರಿಕಥೆ ಮೊಮ್ಮಗನಿಗೂ, ಮೊಮ್ಮಗ ಕೇಳಿದ್ದು ಅಜ್ಜಿಗೂ ಹೋಗಿ ಅನಾಹುತವಾಗುತ್ತಿತ್ತು. ಅಗ್ಗದ ಡಬ್ಬದಲ್ಲಿ ಆ ಪಟ್ಟಿ ತುಂಬಿ ತೊಡಕಾದಾಗ ಆಫ್ ಮಾಡಿದರೆ ಅಳಿಸಿಹೋಗುತ್ತದೆ, ಮತ್ತೆ ಎದ್ದಾಗ ಗದ್ದಲವಿಲ್ಲದ ಚಾನೆಲ್ಲನ್ನೂ ಹುಡುಕಿಕೊಳ್ಳಬಹುದು. ಆ ಬಗೆಯ ಕಾಯಿಲೆಗೆ ಆ ಮದ್ದು ಸರಿಯೇ. ಆದರೆ ಡಬ್ಬದ ಪಕ್ಕ ನಿಂತರೆ ಸುಖವಾಗಿ ಓಡುವ ನೆಟ್ಟು ಅಡುಗೆಮನೆಯಲ್ಲಿ ಸದಾ ತೆವಳುತ್ತದೆ ಎಂದಾದರೆ ಎಷ್ಟು ಸಲ ಸ್ವಿಚ್ ಒತ್ತಿದರೂ ಗೋಡೆ ಕರಗುವುದಿಲ್ಲ.

ವಿಕಿರಣದ ಭಯದಿಂದ ರೂಟರನ್ನು ಮನೆಯ ಮೂಲೆಗೆ ಗಡೀಪಾರು ಮಾಡುವವರಿಗೆ ಒಂದೇ ಮಾತು: ಎದೆಯ ಜೇಬಿನ ಫೋನು ಟವರಿನ ಜೊತೆ ಮಾತಾಡುವಾಗ ಇದಕ್ಕಿಂತ ಹೆಚ್ಚು ಬಲದಲ್ಲಿ ಪ್ರಸಾರ ಮಾಡಬಲ್ಲದು. ಡಬ್ಬ ಕಂಪನಿಯದು, ನಮಗೇಕೆ ಉಸಾಬರಿ ಎನ್ನುವವರಿಗೆ ಸ್ವಲ್ಪ ಉದ್ದದ ಉತ್ತರ ಬೇಕು. ತರಂಗಕ್ಕೆ ಕಾಂಪೌಂಡ್ ಗೊತ್ತಿಲ್ಲ, ಒಳಗೆ ತಲುಪಲು ಒದ್ದಾಡುವ ವೈಫೈ ಬೀದಿಗೆ ಚೆನ್ನಾಗಿಯೇ ತಲುಪುತ್ತಿರುತ್ತದೆ. ಮನೆಯ ಹೆಸರಿನ ಮುಂದೆ 123 ಸೇರಿಸಿದ ಪಾಸ್‌ವರ್ಡ್ ಇದ್ದರೆ ಬಾಗಿಲಿಗೆ ಚಿಲಕವಷ್ಟೇ ಹಾಕಿದಂತೆ. ಇನ್ನು ಡಬ್ಬದ ಒಳಗಿನ ಹೊಂದಾಣಿಕೆಗಳಿಗೆ ಬೇರೊಂದು ಪಾಸ್‌ವರ್ಡ್ ಇರುತ್ತದೆ, ಅದು ಕಾರ್ಖಾನೆಯಿಂದ ಬಂದ 'ಅಡ್ಮಿನ್' ಆಗಿಯೇ ಉಳಿದಿರುತ್ತದೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಇಂಥ ಅರವತ್ತರಷ್ಟು ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಹಿಡಿದುಕೊಂಡು ಲೋಕದ ಮನೆಗಳ ಕ್ಯಾಮೆರಾ, ರೂಟರುಗಳ ಕದ ತಟ್ಟುತ್ತ ಹೋಯಿತು. ತೆರೆದವನ್ನೆಲ್ಲ ಸೈನ್ಯಕ್ಕೆ ಸೇರಿಸಿಕೊಂಡಿತು. ಆ ವರ್ಷ ಅಕ್ಟೋಬರ್ 21ರಂದು ಅಂಥ ಸೈನ್ಯವೊಂದು ಡೈನ್ ಎಂಬ ಕಂಪನಿಯ ಮೇಲೆ ಬಿತ್ತು. ತಾಣಗಳ ಹೆಸರನ್ನು ಸಂಖ್ಯೆಗೆ ಬದಲಿಸಿಕೊಡುವುದು ಆ ಕಂಪನಿಯ ಕೆಲಸ. ಅದು ಮುಗ್ಗರಿಸಿದ್ದಕ್ಕೆ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥವು ಗಂಟೆಗಟ್ಟಲೆ ಸಿಗದೆ ಹೋದವು. ಎಂದರೆ, ಉಸಾಬರಿ ಬೇಡವೆಂದ ಮನೆಯ ಡಬ್ಬ ತಾನೇ ಊರ ಉಸಾಬರಿ ಹೊತ್ತುಕೊಂಡು ಹೋಗಿತ್ತು.

ಕೊನೆಯದು ಹಣವಂತರ ಆಕ್ಷೇಪ: ಎಕ್ಸ್‌ಟೆಂಡರ್ ತರೋಣ, ಎಂಟು ಕಡ್ಡಿಯ ರೂಟರ್ ತರೋಣ. ಕಡ್ಡಿ ಹೆಚ್ಚಾದ ಮಾತ್ರಕ್ಕೆ ಗೋಡೆ ತೆಳ್ಳಗಾಗುವುದಿಲ್ಲ. ಎಕ್ಸ್‌ಟೆಂಡರನ್ನು ಜನ ಸಾಮಾನ್ಯವಾಗಿ ಸಿಗ್ನಲ್ ಇಲ್ಲದ ಕೋಣೆಯಲ್ಲೇ ಇಡುತ್ತಾರೆ. ತನಗೇ ಕೇಳಿಸದ್ದನ್ನು ಅದು ಯಾರಿಗೆ ತಾನೇ ಹೇಳೀತು? ಸರಿಯಾದ ನಡುದಾರಿಯಲ್ಲಿಟ್ಟರೂ, ಕೇಳುವುದಕ್ಕೂ ಹೇಳುವುದಕ್ಕೂ ಒಂದೇ ಚಾನೆಲ್ ಬಳಸುವಂಥದ್ದಾದರೆ ವೇಗ ಅರ್ಧಕ್ಕಿಳಿಯುತ್ತದೆ. ಹಲವು ಡಬ್ಬಗಳ ಮೆಶ್ ಎಂಬ ಹೊಸ ಬಗೆ ಇದಕ್ಕಿಂತ ಮೇಲು, ಅದರ ಡಬ್ಬಗಳ ನಡುವೆ ಕೇಬಲ್ ಇದ್ದರಂತೂ ಬಹಳ ಮೇಲು. ಆ ಕೇಬಲ್ ಹಾಯಲು ಗೋಡೆಯೊಳಗೆ ಪೈಪು ಬೇಕು, ಅಲ್ಲಿಗೆ ಮಾತು ಮತ್ತೆ ಗೋಡೆಗೇ ಬಂತು. ನಡುಮನೆಯಲ್ಲಿ ಪ್ಲಗ್ ಪಾಯಿಂಟೇ ಇಲ್ಲ, ಕೇಬಲ್ ನೆಲದ ಮೇಲೆ ಹರಿದರೆ ಅಂದಗೆಡುತ್ತದೆ ಎನ್ನುವ ಗೃಹಿಣಿಯರ ತಕರಾರೊಂದೇ ಈ ಎಲ್ಲದರಲ್ಲಿ ನನಗೆ ನ್ಯಾಯವಾಗಿ ಕಂಡದ್ದು. ಫೈಬರನ್ನು ಮೂಲೆಮೂಲೆಗೆ ಮಡಚಿ ಒಯ್ಯುವಂತೆಯೂ ಇಲ್ಲ, ಜಾಸ್ತಿ ಬಾಗಿದರೆ ಬೆಳಕು ಸೋರಿಹೋಗುತ್ತದೆ. ಆದ್ದರಿಂದ ಈ ವಾಸ್ತು ನೋಡಬೇಕಾದ್ದು ಗೋಡೆಗೆ ಪ್ಲಾಸ್ಟರ್ ಬೀಳುವ ಮೊದಲು. ಇನ್ನೂ ಕೊಳ್ಳದ ಏಸಿಗೆ, ಗೀಸರಿಗೆ, ಎಂದೋ ಬರಲಿರುವ ಇನ್ವರ್ಟರಿಗೆ ಪೈಪು ಹೂಳಿಸುವ ಮಾಲೀಕರು, ಬೀದಿಯ ಗೋಡೆಯಿಂದ ನಡುಮನೆಯ ಎತ್ತರಕ್ಕೊಂದು, ಅಲ್ಲಿಂದ ಮಹಡಿಗೊಂದು ಪೈಪು ಹೆಚ್ಚಿಗೆ ಹಾಕಿಸಿ ಕ್ಯಾಟ್-6 ಕೇಬಲ್ ಎಳೆಸಲಿ. ನೂರು ಮೀಟರಿನವರೆಗೆ ಅದಕ್ಕೆ ಆಯಾಸವಿಲ್ಲ. ಒಂದೇ ಒಂದು ಎಚ್ಚರ: ಎಲೆಕ್ಟ್ರಿಷಿಯನ್ ಉಳಿತಾಯ ತೋರಿಸುತ್ತ ಅದನ್ನು ಕರೆಂಟಿನ ವೈರುಗಳ ಪೈಪಿನಲ್ಲೇ ತುರುಕಲು ಬರುತ್ತಾನೆ, ಬಿಡಬೇಡಿ.