ಕ್ಲಿಕ್ಕು ಲಕ್ಷ, ಗಲ್ಲಾಪೆಟ್ಟಿಗೆ ಖಾಲಿ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿ ಹೋಯಿತು. ಬೆಳಗಾಗುವಷ್ಟರಲ್ಲಿ ಸಿಂಧನೂರು, ಮಸ್ಕಿ ಕಡೆಯ ಎಡದಂಡೆ ರೈತರ ಕೈಯಲ್ಲೆಲ್ಲ ಮೊಬೈಲು. ಎಷ್ಟು ನೀರು ಹೋಯಿತು? ಕಾಲುವೆಗೆ ಉಳಿದದ್ದೆಷ್ಟು? ನಾಟಿ ಮಾಡಿದ ಭತ್ತದ ಗತಿ ಏನು?

ಇಂಥ ಹೊತ್ತಿನಲ್ಲೇ ಕೆಲವರ ಮುಖ ಅರಳುತ್ತದೆ. ವೆಬ್‌ಸೈಟಿಗೆ ಟ್ರಾಫಿಕ್ ನುಗ್ಗಿತು! ಡ್ಯಾಮಿನ ಸುದ್ದಿ ನಾಲ್ಕೇ ಸಾಲು. ಅದರ ಕೆಳಗೆ ಸ್ಮಾರ್ಟ್‌ವಾಚ್ ಕೊಳ್ಳುವ ಲಿಂಕು. ಯಾಕೆ ಸ್ವಾಮಿ? ಗದ್ದೆ ಎಷ್ಟು ಗಂಟೆಗೆ ಒಣಗುತ್ತದೆ ಎಂದು ನೋಡಿಕೊಳ್ಳಲಿಕ್ಕಾ?

ಆಗಸ್ಟ್ 17ರ ಹೊತ್ತಿಗೆ ಕೊಚ್ಚಿಹೋದ ಗೇಟಿನ ಜಾಗದಲ್ಲಿ ಸ್ಟಾಪ್‌ಲಾಗ್ ಕೂತಿತು. ನೀರು ನಿಂತಿತು. ಟ್ರಾಫಿಕ್ಕೂ ನಿಂತಿತು. ಲಿಂಕು ಹಾಕಿದ ಇಂಥವರ ಖಾತೆಯಲ್ಲಿ ಕಮಿಷನ್ ಮಾತ್ರ ಸೊನ್ನೆ. ಆಮೇಲೆ ಗೋಳು ಶುರು: ಕಂಪನಿ ಮೋಸ ಮಾಡಿತು, ನಮ್ಮ ಜನಕ್ಕೆ ನಮ್ಮವರ ಮೇಲೆ ಅಭಿಮಾನವಿಲ್ಲ.

ಅಭಿಮಾನ ಬೇಕಾದಷ್ಟಿದೆ. ಇಲ್ಲದ್ದು ದುಡ್ಡು. ಇದ್ದರೂ ನಿಮ್ಮ ಸ್ಮಾರ್ಟ್‌ವಾಚಿಗಲ್ಲ.

ಅಫಿಲಿಯೇಟ್ ಮಾರ್ಕೆಟಿಂಗ್ ಎಂದು ನಾಲಿಗೆ ಹೊರಳಿಸಿ ಹೇಳುವುದು ಇಷ್ಟನ್ನೇ: ನೀವು ಹಾಕಿದ ಲಿಂಕು ಒತ್ತಿ ಯಾರಾದರೂ ಸಾಮಾನು ಕೊಂಡರೆ ನಿಮಗೊಂದು ಪಾಲು. ದಲಾಲಿ. ಅಪ್ಪನ ಭತ್ತಕ್ಕೆ ಅಡತಿ ಅಂಗಡಿಯವನು ದಲಾಲಿ ಮುರಿದರೆ ಅವನು ಕೊಟ್ಟ ಬಿಳಿಚೀಟಿ ಎತ್ತಿ ಹಿಡಿದು ಕ್ರಾಂತಿ ಮಾತಾಡುವ ಮಗ, ರಾತ್ರಿ ಲ್ಯಾಪ್‌ಟಾಪ್ ತೆರೆದು ವಿದೇಶಿ ಕಂಪನಿಯ ದಲಾಲಿಗೆ ಕೂರುತ್ತಾನೆ. ವಿಸಿಟಿಂಗ್ ಕಾರ್ಡಿನಲ್ಲಿ ಮಾತ್ರ ಡಿಜಿಟಲ್ ಉದ್ಯಮಿ.

ಇರಲಿ. ಆ ಅಡತಿ ಅಂಗಡಿಯವನ ಬುದ್ಧಿಯನ್ನಾದರೂ ಕಲಿಯಬಾರದೇ? ಎಪಿಎಂಸಿ ಅಂಗಳಕ್ಕೆ ಎಷ್ಟು ಟ್ರ್ಯಾಕ್ಟರ್ ಬಂದವು ಎಂದು ಅವನು ಕುಣಿಯುವುದಿಲ್ಲ. ಚೀಲ ಕಾಟಾ ಮೇಲೆ ಕೂತ ಮೇಲೇ ಅವನ ಪೆನ್ನು ಓಡುವುದು.

ನೆರೆದವರೆಲ್ಲ ನಮ್ಮವರೇ ಎಂಬ ಭ್ರಮೆ ದೊಡ್ಡವರನ್ನೂ ಬಿಟ್ಟಿಲ್ಲ. 2021ರ ಏಪ್ರಿಲ್‌ನ ಮಸ್ಕಿ ಉಪಚುನಾವಣೆ ನೆನಪಿದೆಯಲ್ಲ? ಮುಖ್ಯಮಂತ್ರಿ ಬಂದರು, ಮಂತ್ರಿಗಳು ಬಂದರು, ಕಾರುಗಳ ಸಾಲು ಬಂತು, ಜನವೂ ಬಂತು. 2018ರಲ್ಲಿ 213 ಮತಗಳಿಂದ ಗೆದ್ದಿದ್ದ ಪ್ರತಾಪಗೌಡ ಪಾಟೀಲರು ಪಕ್ಷ ಬದಲಿಸಿ ಮುಖ್ಯಮಂತ್ರಿಗಳ ಪಕ್ಷದಿಂದ ನಿಂತರು. ಎದುರಾಳಿ ಆಗ ಸೋತಿದ್ದ ಅದೇ ಬಸನಗೌಡ ತುರ್ವಿಹಾಳ, ಅವರೂ ಪಕ್ಷ ಬದಲಿಸಿದವರೇ. ಈ ಸಲ ಪಾಟೀಲರು ಸೋತದ್ದು 30 ಸಾವಿರಕ್ಕೂ ಹೆಚ್ಚು ಮತಗಳಿಂದ. ಜನ ಭಾಷಣ ಕೇಳಿದರು, ಕೈ ಬೀಸಿದರು, ಬಟನ್ ಬೇರೆ ಒತ್ತಿದರು. ಟ್ರಾಫಿಕ್ ಎಂದರೆ ಇದು.

ಈಗ ಗೃಹಲಕ್ಷ್ಮಿ ಉದ್ಯಮಕ್ಕೆ ಬನ್ನಿ. 2023ರ ಆಗಸ್ಟ್ 30ರಂದು ಯೋಜನೆ ಶುರುವಾಯಿತು, ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ. ಅದರ ಬೆನ್ನಿಗೇ "ಹಣ ಬಂತಾ? ಈಗಲೇ ಚೆಕ್ ಮಾಡಿ" ಎನ್ನುವ ವೆಬ್‌ಸೈಟುಗಳ ಸುಗ್ಗಿ. ಲಿಂಗಸುಗೂರಿನ ತಾಯಿಯೊಬ್ಬಳು ಮಗನ ಮೊಬೈಲಿನಲ್ಲಿ ಪುಟ ತೆರೆಯುತ್ತಾಳೆ. ಮೂರು ಪ್ಯಾರಾ ಪೀಠಿಕೆ. ನಡುನಡುವೆ ಜಾಹೀರಾತು. ಉತ್ತರ ಎಲ್ಲೂ ಇಲ್ಲ. ಕೊನೆಯಲ್ಲಿ 40 ಸಾವಿರದ ವಾಷಿಂಗ್ ಮಷಿನ್, ಇಂದೇ ಕೊಳ್ಳಿ! ಎರಡು ಸಾವಿರ ಬಂತಾ ಎಂದು ಕೇಳಲು ಬಂದವಳಿಗೆ.

ಪರೀಕ್ಷೆ ಕಾಲದ ಟ್ರಾಫಿಕ್ ಇನ್ನೊಂದು. ಅಶೋಕನ ಹೆಸರು ಮೊದಲು ಸಿಕ್ಕ ಶಾಸನ ಯಾವುದು? ಮಸ್ಕಿ. ಪತ್ತೆಯಾದದ್ದು 1915ರಲ್ಲಿ. ಮುಗಿಯಿತು. ಒಂದು ಅಂಕದ ಉತ್ತರವನ್ನು ಗೂಗಲ್ ತನ್ನ ಪುಟದ ಮೇಲೆಯೇ ತೋರಿಸಿ ಕಳಿಸುತ್ತದೆ. ತಪ್ಪಿ ನಿಮ್ಮ ಪುಟದೊಳಗೆ ಬಂದವನೂ ಕೋಚಿಂಗ್ ಫೀಸಿಗೆ ಸಾಲ ಮಾಡಿದವನು. ಅವನಿಗೆ ಏರ್‌ಫ್ರೈಯರ್ ತೋರಿಸುತ್ತೀರಿ. ನಾಚಿಕೆಯಾದರೂ ಆಗಬೇಡವೇ?

ಕೊಳ್ಳುವ ಮನಸ್ಸಿದ್ದವನು ಬಂದನೆನ್ನಿ. ಅಮೆಜಾನಿನಲ್ಲಿ ನಿಮ್ಮ ಲಿಂಕಿನ ಆಯಸ್ಸು ಸಾಮಾನ್ಯವಾಗಿ 24 ಗಂಟೆ. ಅವನು ಇವತ್ತು ನೋಡಿ, ಮನೆಯಲ್ಲಿ ಕೇಳಿ, ಪಗಾರ ಆದ ಮೇಲೆ ಕೊಂಡರೆ ನಿಮಗೆ ಕಾಸಿಲ್ಲ. ನಡುವೆ ಇನ್ನೊಬ್ಬನ ಲಿಂಕು ಒತ್ತಿದರೆ ಪಾಲು ಅವನದು. ಸಾಮಾನು ವಾಪಸ್ ಹೋದರೆ ಬಂದದ್ದೂ ಹೋಯಿತು. ನೀವೇ ಕೊಂಡು ಲೆಕ್ಕ ತುಂಬಿಸುವ ಹಾಗಿಲ್ಲ. ಸೇರಿದ 180 ದಿನದಲ್ಲಿ ಮೂರು ವ್ಯಾಪಾರ ಆಗದಿದ್ದರೆ ಖಾತೆಯೇ ಬಂದ್.

2020ರ ಏಪ್ರಿಲ್ ನೆನಪಿಸಿಕೊಳ್ಳಿ. ಲಾಕ್‌ಡೌನ್. ಲೋಕವೆಲ್ಲ ಮನೆಯಲ್ಲಿ ಕೂತು ಆನ್‌ಲೈನಿನಲ್ಲೇ ತರಿಸುತ್ತಿತ್ತು. ಸರಿಯಾಗಿ ಆ ತಿಂಗಳೇ ಅಮೆಜಾನ್ ಅಮೆರಿಕದಲ್ಲಿ ದಿನಸಿಯ ಕಮಿಷನ್ನನ್ನು ಶೇ 5ರಿಂದ ಶೇ 1ಕ್ಕೆ ಇಳಿಸಿತು. ಗಿರಾಕಿ ಹೆಚ್ಚಿದಾಗಲೇ ದಲಾಲಿ ಕಡಿಮೆ. ನೀವು ಅಮೆಜಾನಿನ ಪಾಲುದಾರರೆಂದು ನೀವಷ್ಟೇ ಅಂದುಕೊಂಡಿದ್ದೀರಿ.

ಇನ್ನು ನಮ್ಮ ಜನ. ನೀವು ರಾತ್ರಿಯಿಡೀ ಬರೆದ "ಟಾಪ್ 10 ಟೀವಿ" ಓದಿ, ಬೆಳಿಗ್ಗೆ ಸಿಂಧನೂರಿನ ಅಂಗಡಿಗೆ ಹೋಗಿ ಕೌಂಟರಿನ ಮೇಲೆ ಮೊಬೈಲ್ ಇಡುತ್ತಾರೆ: "ಆನ್‌ಲೈನ್‌ದಾಗ ಇಷ್ಟಕ್ಕ ಐತಿ ನೋಡ್ರಿ ಸಾವ್ಕಾರ, ನೀವು ಎಷ್ಟಕ್ಕ ಕೊಡ್ತೀರಿ?" ಚೌಕಾಸಿ ಮುಗಿದ ಮೇಲೆ ಎರಡನೇ ಮಾತು: "ಭತ್ತ ಮಾರಿದ ಮ್ಯಾಲೆ ಕೊಡ್ತೀನ್ರಿ." ಸಾವ್ಕಾರ ಉದ್ರಿ ಬರೆದುಕೊಳ್ಳುತ್ತಾನೆ. ನಿಮ್ಮ ಲಿಂಕಿಗೆ ಸುಗ್ಗಿ ತನಕ ಕಾಯುವ ತಾಕತ್ತಿದೆಯಾ?

ಆದರೂ "ಪ್ರಾಮಾಣಿಕ ವಿಮರ್ಶೆ" ನಿಂತಿಲ್ಲ. ಮುಟ್ಟದ ಮಿಕ್ಸಿಗೆ ಐದು ನಕ್ಷತ್ರ. ಲಾಭ ಬರುವ ಶಿಫಾರಸಾದರೆ ಓದುಗರಿಗೆ ಸ್ಪಷ್ಟವಾಗಿ ತಿಳಿಸಿ ಎಂದು 2023ರ ಜನವರಿಯಲ್ಲೇ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಹೇಳಿದೆ. ದಾರಿ ತಪ್ಪಿಸಿದರೆ ಮೊದಲ ಸಲಕ್ಕೇ ದಂಡ 10 ಲಕ್ಷದ ತನಕ. ತಿಳಿಸುತ್ತಾರೆ, ಪಾಪ. ಪುಟವೆಲ್ಲ ಕನ್ನಡ; ಆ ಒಂದು ಸಾಲು ಮಾತ್ರ ತಳದಲ್ಲಿ, ಇಂಗ್ಲಿಷಿನಲ್ಲಿ, ಕಣ್ಣಿಗೆ ಕಾಣದ ಅಕ್ಷರದಲ್ಲಿ.

ಈ ಆಟದಲ್ಲಿ ತಪ್ಪದೆ ದುಡಿಯುವವನು ಒಬ್ಬನಿದ್ದಾನೆ: ಅಫಿಲಿಯೇಟ್‌ನಲ್ಲಿ ಲಕ್ಷ ಗಳಿಸುವುದು ಹೇಗೆಂದು ಕೋರ್ಸ್ ಮಾರುವವನು. ಅವನಿಗೆ ಟ್ರಾಫಿಕ್ ಬೇಕಿಲ್ಲ. ನೀವು ಸಾಕು.

ಹಾಗಾದರೆ ದಾರಿಯೇ ಇಲ್ಲವೇ? ಇದೆ. ಭತ್ತಕ್ಕೆ ಔಷಧಿ ಹೊಡೆಯುವ ಬ್ಯಾಟರಿ ಪಂಪು ಯಾವುದು ಒಳ್ಳೆಯದು, ಚಾರ್ಜು ಎಷ್ಟು ಎಕರೆಗೆ ಬರುತ್ತದೆ, ಕೆಟ್ಟರೆ ಸಿಂಧನೂರಿನಲ್ಲಿ ಬಿಡಿಭಾಗ ಸಿಗುತ್ತದಾ, ಬರೆಯಿರಿ. ಓದಲು ನೂರೇ ಜನ ಬಂದಾರು. ಆದರೆ ಅವರು ಪಂಪು ಕೊಳ್ಳಲೆಂದೇ ಬಂದವರು.

ಅದನ್ನು ಬರೆಯಬೇಕಾದರೆ ಪಂಪು ಹೆಗಲಿಗೇರಿಸಿ ಗದ್ದೆಗೆ ಇಳಿಯಬೇಕು. ಪ್ಯಾಂಟಿಗೆ ಕೆಸರಾಗುತ್ತದೆ. ಹಾಗಾಗಿ ನಾಳೆಯೂ ಅದೇ ಶೀರ್ಷಿಕೆ: "ಗೃಹಲಕ್ಷ್ಮಿ ಹಣ ಇಂದು ಜಮಾ!" ಜಮಾ ಆಗಿರುವುದಿಲ್ಲ. ಅವಳ ಖಾತೆಗೂ, ಇವನ ಖಾತೆಗೂ.