ಫ್ರಾಂಕಿನ ಮುಂದೆ ಎರಡು ಸೊನ್ನೆ

ಸ್ವಿಟ್ಜರ್ಲೆಂಡಿಗೆ ಒಬ್ಬರೇ ಹೋಗುವವರಿಗೆ ಲೆಕ್ಕವೇನೋ ಸುಲಭ. ಒಂದು ಫ್ರಾಂಕ್ ಅಂದರೆ ಸುಮಾರು ನೂರು ರೂಪಾಯಿ. ಬೆಲೆಯ ಮುಂದೆ ಎರಡು ಸೊನ್ನೆ ಹಾಕಿದರಾಯಿತು. ಸಂಕಟವಿರುವುದೂ ಅಲ್ಲೇ. ಜ್ಯೂರಿಕ್‌ನ ಐದು ಫ್ರಾಂಕಿನ ಕಾಫಿ ಗಂಟಲಿಳಿಯುವಷ್ಟರಲ್ಲಿ ಐನೂರು ರೂಪಾಯಿ ಆಗಿಬಿಟ್ಟಿರುತ್ತದೆ. ಬೈಟು ಮಾಡೋಣವೆಂದರೆ ಜೊತೆಗೆ ಯಾರಿದ್ದಾರೆ? ಕೋಣೆಯ ಕಥೆಯೂ ಅದೇ. ಪಕ್ಕದ ದಿಂಬಿಗೆ ಯಾರೂ ತಲೆ ಇಡದಿದ್ದರೂ ಅದರ ಬಾಡಿಗೆ ನಮ್ಮ ತಲೆಗೇ.

ಹಾಗಂತ ದೇಶ ತೀರಾ ನಿರ್ದಯಿಯಲ್ಲ. ಜ್ಯೂರಿಕ್‌ನಲ್ಲಿ 1,200ರಷ್ಟು ಕಾರಂಜಿಗಳಿವೆ. ಬಾಟಲಿ ಹಿಡಿದರೆ ಕುಡಿಯುವ ನೀರು ಪುಕ್ಕಟೆ. ಬಾಸೆಲ್‌ನಲ್ಲಿ ಹೋಟೆಲಿನಲ್ಲಿ ತಂಗಿದರೆ ಟ್ರಾಮು, ಬಸ್ಸು ಉಚಿತ. ಮಿಗ್ರೋಸ್, ಕೋಪ್ ಅಂಗಡಿಗಳಲ್ಲಿ ಬಾಗಿಲು ಹಾಕುವ ಹೊತ್ತಿಗೆ ಉಳಿದ ಬ್ರೆಡ್ಡು, ಸಲಾಡಿನ ಮೇಲೆ ರಿಯಾಯಿತಿ ಚೀಟಿ ಅಂಟುತ್ತದೆ. ಆಗ ಅಲ್ಲಿ ಸುಳಿದಾಡಲು ಸಂಕೋಚ ಬೇಡ, ಅಲ್ಲಿಯವರೂ ಸುಳಿದಾಡುತ್ತಾರೆ. ಭಾನುವಾರ ಬಹುತೇಕ ಅಂಗಡಿ ಬಂದ್, ಶನಿವಾರವೇ ಎಚ್ಚರವಿರಲಿ.

ಚೀಲದಲ್ಲಿ ಅವಲಕ್ಕಿ, ಚಟ್ನಿಪುಡಿ ಇರಲಿ. ಅಮ್ಮ ತುರುಕುವ ತುಪ್ಪದ ಡಬ್ಬಿ ಮಾತ್ರ ಬೇಡ. ಭಾರತದಿಂದ ಹಾಲಿನ ಪದಾರ್ಥ ಒಯ್ಯಲು ಅಲ್ಲಿ ಬಿಡುವುದಿಲ್ಲ. ಸುಂಕದವರ ಮುಂದೆ ಸುಖದುಃಖ ಹೇಳಿ ಫಲವೇನು?

ಅರ್ಧ ದರದ ಕಾರ್ಡು ಕೊಂಡರೆ ರೈಲಿನ ಖರ್ಚು ಬಹುಮಟ್ಟಿಗೆ ಅರ್ಧ. ಆದರೂ 3,454 ಮೀಟರ್ ಎತ್ತರದ ಯುಂಗ್‌ಫ್ರಾಉಯೋಖ್‌ಗೆ ಹೋಗುವವರು ಮೊದಲು ಅಲ್ಲಿನ ನೇರಪ್ರಸಾರದ ಕ್ಯಾಮೆರಾದಲ್ಲಿ ಮೋಡ ನೋಡಿಕೊಳ್ಳಲಿ. ಸಾವಿರಾರು ರೂಪಾಯಿ ಸುರಿದು ಬರೀ ಮಂಜು ನೋಡುವುದಕ್ಕೆ ಆಷಾಢದ ಆಗುಂಬೆ ಸಾಲದೇ?