ಜಾರಾಭಾವ ನಿರ್ಣಯ: ಹಲಗೇರಿ ಪಾಠ

ಇಲ್ಲದ್ದನ್ನು ಇಲ್ಲವೆಂದು ತಿಳಿಯುವ ಬಗೆ ಯಾವುದು? ಕುಮಾರಿಲ ಭಟ್ಟನ ಮೀಮಾಂಸಕರು ಇದಕ್ಕೆಂದೇ ‘ಅನುಪಲಬ್ಧಿ’ ಎಂಬ ಪ್ರತ್ಯೇಕ ಪ್ರಮಾಣವನ್ನು ಒಪ್ಪಿದರು. ನೈಯಾಯಿಕರು ಕಣ್ಣೇ ಸಾಕೆಂದರು. ಇವರಲ್ಲಿ ಯಾರೂ ಟಾಮ್‌ಕ್ಯಾಟ್ ಸರ್ವರ್ ಚಾಲೂ ಮಾಡಿದವರಲ್ಲ. ಮಾಡಿದ್ದರೆ, ಜಾವಾ ಕೋಡಿನ ಒಂದು ಜಾರ್ ಫೈಲ್ ಇಲ್ಲವೆಂಬುದನ್ನು ಪುಟಗಟ್ಟಲೆ ಒದರಿ ಹೇಳುವ ಸ್ಟ್ಯಾಕ್ ಟ್ರೇಸನ್ನೂ ಪ್ರಮಾಣಗಳ ಪಟ್ಟಿಗೆ ಸೇರಿಸುತ್ತಿದ್ದರು.

ಹಾವೇರಿ ಜಿಲ್ಲೆಯಲ್ಲಿ, ಕಾಣದ ಜಾರ್ ಹುಡುಕುವ ಈ ಶಾಸ್ತ್ರಕ್ಕೆ ಮೂರು ಪಂಥಗಳಿವೆ. (ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಪಂಥಗಳು ಅದಕ್ಕಿಂತ ಹಳೆಯವೆಂದು ಅನುಯಾಯಿಗಳ ವಾದ. ಸನ್ ಕಂಪನಿ ಟಾಮ್‌ಕ್ಯಾಟನ್ನು ಅಪಾಚೆಗೆ ದಾನ ಕೊಟ್ಟದ್ದೇ 1999ರಲ್ಲಿ. ಆದ್ದರಿಂದ ವಾದ ತಿರಸ್ಕೃತ.) ರಾಣೆಬೆನ್ನೂರು ಪಂಥದವರು ಜಾವಾವನ್ನು ಬುಡಸಮೇತ ಕಿತ್ತು ಮತ್ತೆ ನೆಡುತ್ತಾರೆ. ಬ್ಯಾಡಗಿ ಪಂಥದವರು ಸಿಕ್ಕ ಸಿಕ್ಕ ಜಾರ್‌ಗಳನ್ನೆಲ್ಲ ಲಿಬ್ ಫೋಲ್ಡರಿಗೆ ಸುರಿಯುತ್ತಾರೆ. ಹಾವೇರಿ ಪಂಥದವರು ಬಂದ್ ಮಾಡಿ ಚಾಲೂ ಮಾಡುತ್ತಾರೆ. ಹಲಗೇರಿಯ ಪ್ರಸ್ತುತ ಲೇಖಕನ ಸಿದ್ಧಾಂತವೇನೆಂದರೆ, ಹದಿನೇಳನೆಯ ಶತಮಾನದ ಅನ್ನಂಭಟ್ಟ ‘ತರ್ಕಸಂಗ್ರಹ’ದಲ್ಲಿ ಹೇಳಿದ ನಾಲ್ಕು ಅಭಾವಗಳಲ್ಲಿ ಇದು ಯಾವುದೆಂದು ಗೊತ್ತಾಗುವ ತನಕ ಮೂವರೂ ಕೀಬೋರ್ಡಿನಿಂದ ಕೈ ತೆಗೆಯತಕ್ಕದ್ದು.

ಮೊದಲನೆಯದು ಪ್ರಾಗಭಾವ, ಅಂದರೆ ವಸ್ತು ಇನ್ನೂ ಬಂದೇ ಇಲ್ಲ. ರಾಣೆಬೆನ್ನೂರಿನ ಒಂದು ಬೀಜದ ಅಂಗಡಿಯಲ್ಲಿ ನಡೆದಿರಬಹುದಾದ ಸಂವಾದವನ್ನು ಉದಾಹರಣೆಗೆ ಕೊಡುತ್ತೇನೆ.

“ಏನಪಾ ತಮ್ಮಾ, ಬಿಲ್ ಯಾಕ ಬರವಲ್ದು?”

“ಸಾವ್ಕಾರ್ರ, ನನ್ನ ಲ್ಯಾಪ್‌ಟಾಪ್‌ನ್ಯಾಗ ಚೊಲೋ ನಡೀತೈತ್ರಿ.”

“ಹಂಗಾರ ಗಿರಾಕಿನ್ನೆಲ್ಲಾ ನಿಮ್ಮನೀಗೇ ಕಳಸ್ಲೇನು?”

ತಮ್ಮನ ಮಾತು ಸುಳ್ಳಲ್ಲ. ಅವನ ಎಕ್ಲಿಪ್ಸ್‌ಗೆ ಮೈಎಸ್‌ಕ್ಯೂಎಲ್ ಕನೆಕ್ಟರಿನ ಜಾರ್ ಗೊತ್ತು. ಸರ್ವರಿಗೆ ಕಳಿಸಿದ ವಾರ್ ಫೈಲಿನ ವೆಬ್-ಇನ್ಫ್ ಒಳಗಿನ ಲಿಬ್‌ನಲ್ಲಿ ಅದು ಇಲ್ಲ. ಹೆಸರು ಹಿಡಿದು ಕೂಗಿದರೂ ಯಾರೂ ಓಗೊಡದಾಗ ಬರುವುದು ಕ್ಲಾಸ್‌ನಾಟ್‌ಫೌಂಡ್‌ಎಕ್ಸೆಪ್ಷನ್. ಕಂಪೈಲ್ ಮಾಡುವಾಗ ಇದ್ದದ್ದು ಓಡಿಸುವಾಗ ಕಾಣೆಯಾದರೆ ನೋಕ್ಲಾಸ್‌ಡೆಫ್‌ಫೌಂಡ್‌ಎರರ್. ಎರಡನೆಯದು ಕಪಟಿ: ಕ್ಲಾಸ್ ಅಲ್ಲೇ ಇದ್ದು, ಅದರ ಆರಂಭದ ಕೋಡ್ ಮುರಿದು ಬಿದ್ದಿದ್ದರೂ ಇದೇ ದೂರು ಕೊಡುತ್ತದೆ. ಹಾಗಾಗಿ ಟ್ರೇಸಿನ ತಲೆಯನ್ನು ಬಿಟ್ಟು, ಕಟ್ಟಕಡೆಯ ‘ಕಾಸ್ಡ್ ಬೈ’ ಸಾಲಿನಿಂದ ಅಧ್ಯಯನ ಆರಂಭಿಸಬೇಕು.

ಪ್ರಧ್ವಂಸಾಭಾವ: ಇತ್ತು, ಹೋಯಿತು. ಎಕ್ಸ್‌ಎಂಎಲ್ ಓದಿ ಬರೆಯುವ ಜಾಕ್ಸ್‌ಬಿ ಜಾವಾದ ಒಳಗೇ ಇತ್ತು. 2017ರಲ್ಲಿ, ಜಾವಾ 9ರಲ್ಲಿ ನೋಟಿಸು ಕೊಟ್ಟರು. 2018ರಲ್ಲಿ, ಜಾವಾ 11ರಲ್ಲಿ ಮನೆ ಬಿಡಿಸಿದರು. ಈಗ ಅದನ್ನು ಬೇರೆ ಜಾರ್ ಆಗಿ ತಂದಿಡಬೇಕು. ರಾಣೆಬೆನ್ನೂರು ಪಂಥದವರು ಹೊಸ ಜಾವಾ ಹಾಕಿದಷ್ಟೂ ಈ ಅಭಾವ ಗಟ್ಟಿಯಾಗುತ್ತದೆ, ಇದನ್ನು ಅವರು ಒಪ್ಪುವುದಿಲ್ಲ.

ಅತ್ಯಂತಾಭಾವಕ್ಕೆ ಹೆಚ್ಚು ಶಾಯಿ ಖರ್ಚು ಮಾಡಬೇಕಿಲ್ಲ. ಕ್ಲಾಸಿನ ಹೆಸರನ್ನೇ ತಪ್ಪಾಗಿ ಬರೆದಿದ್ದರೆ ಅದು ಮೂರು ಕಾಲದಲ್ಲೂ ಸಿಗುವುದಿಲ್ಲ.

ಅನ್ಯೋನ್ಯಾಭಾವವೇ ಈ ಶಾಸ್ತ್ರದ ಕಿರೀಟ: ಇದು ಅದಲ್ಲ, ಅದು ಇದಲ್ಲ. ಬ್ಯಾಡಗಿ ಪೇಟೆಯಲ್ಲಿ ಕಡ್ಡಿಯೂ ಮೆಣಸಿನಕಾಯಿ, ಡಬ್ಬಿಯೂ ಮೆಣಸಿನಕಾಯಿ. ಕಡ್ಡಿ ಕೇಳಿದವನ ಚೀಲಕ್ಕೆ ಡಬ್ಬಿ ತುಂಬಿದರೆ ಜಗಳ ಖಚಿತ. ಒರಾಕಲ್ 2017ರಲ್ಲಿ ಜಾವಾ ಇಇಯನ್ನು ಎಕ್ಲಿಪ್ಸ್ ಫೌಂಡೇಶನ್ನಿಗೆ ಒಪ್ಪಿಸಲು ಮುಂದಾಯಿತು, ಹೆಸರಿನ ಹಕ್ಕನ್ನು ಮಾತ್ರ ಕೈಯಲ್ಲೇ ಇಟ್ಟುಕೊಂಡಿತು. ಕಡೆಗೆ 2020ರಲ್ಲಿ ‘ಜಾವಾಎಕ್ಸ್’ ಇದ್ದಲ್ಲೆಲ್ಲ ‘ಜಕಾರ್ತಾ’ ಎಂದಾಯಿತು. ಟಾಮ್‌ಕ್ಯಾಟ್ 9 ಹಳೆಯ ಹೆಸರಿಗೆ ಓಗೊಡುತ್ತದೆ, 10 ಹೊಸದಕ್ಕೆ. ಬ್ಯಾಡಗಿ ಪಂಥದವರು ಹಳೆಯ ಸರ್ವ್‌ಲೆಟ್ ಜಾರನ್ನು ತಂದು 10ರ ಲಿಬ್‌ಗೆ ಸುರಿದಾಗ ನಡೆಯುವುದು ದರ್ಶನೀಯ. ಕ್ಲಾಸ್ ಸಿಗುತ್ತದೆ, ಆದರೆ ಅದು ಸರ್ವ್‌ಲೆಟ್ಟೇ ಅಲ್ಲವೆಂದು ಸರ್ವರ್ ಹಟ ಹಿಡಿಯುತ್ತದೆ. ಒಂದೇ ಲೈಬ್ರರಿಯ ಎರಡು ಆವೃತ್ತಿ ಒಟ್ಟಿಗೆ ಬಿದ್ದರಂತೂ ನೋಸಚ್‌ಮೆಥಡ್‌ಎರರ್, ಹೆಚ್ಚಾದದ್ದರಿಂದ ಹುಟ್ಟಿದ ಕೊರತೆ. ಹೆಸರಿನ ಗೊಂದಲಕ್ಕೆ ಪರಿಹಾರ ಸರಳ: ಹಳೆಯ ವಾರ್ ಫೈಲನ್ನು ಟಾಮ್‌ಕ್ಯಾಟ್ 10ರ ‘ವೆಬ್‌ಆಪ್ಸ್-ಜಾವಾಇಇ’ ಫೋಲ್ಡರಿನಲ್ಲಿಡಿ, ಟಾಮ್‌ಕ್ಯಾಟ್ ತಾನೇ ಹೆಸರು ತಿದ್ದಿಕೊಳ್ಳುತ್ತದೆ. ಇಲ್ಲವೇ 9ರಲ್ಲೇ ಇರಿ.

ಅನ್ನಂಭಟ್ಟ ಕಾಣದ ಐದನೆಯದೊಂದಿದೆ. ಅದನ್ನು ನಿರುಪದ್ರವಾಭಾವ ಎನ್ನೋಣ. ಚಾಲೂ ಆಗುತ್ತಲೇ ಟಾಮ್‌ಕ್ಯಾಟ್, ತನ್ನ ನೇಟಿವ್ ಲೈಬ್ರರಿ ಜಾವಾ ಲೈಬ್ರರಿಯ ದಾರಿಯಲ್ಲಿ ಸಿಗಲಿಲ್ಲ ಎಂದು ಬರೆಯುತ್ತದೆ. ಎಷ್ಟೋ ಮಂದಿ ಇದನ್ನು ಕಂಡು ರಾತ್ರಿಯೆಲ್ಲ ಕೂತಿದ್ದಾರೆ. ಸಾಲಿನ ಮೊದಲಲ್ಲಿ ‘ಇನ್ಫೋ’ ಎಂದಿರುತ್ತದೆ, ‘ಸಿವಿಯರ್’ ಎಂದಲ್ಲ. ಆ ಲೈಬ್ರರಿ ಇಲ್ಲದೆಯೂ ಸರ್ವರ್ ಏಳುತ್ತದೆ.

ಉಳಿದದ್ದು ಹಾವೇರಿ ಪಂಥ. ಅವರು ಬಂದ್ ಮಾಡಿ ಚಾಲೂ ಮಾಡಿದಾಗ ಹಳೆಯ ಎರರ್ ಮಾಯವಾದದ್ದನ್ನು ಲೇಖಕ ಅಲ್ಲಗಳೆಯುವುದಿಲ್ಲ. ಆದರೆ ಹಳೆಯ ಪ್ರೋಸೆಸ್ ಪೂರ್ತಿ ಸತ್ತಿರಲಿಲ್ಲ. 8080 ಪೋರ್ಟ್ ಈಗಾಗಲೇ ಬಳಕೆಯಲ್ಲಿದೆ ಎಂಬ ಹೊಸ ಎರರ್ ಬಂದಿದೆ, ಅಷ್ಟೆ. ಇದು ಅಭಾವವಲ್ಲ, ಭಾವವೇ. ಆದ್ದರಿಂದ ಪ್ರಸ್ತುತ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.